ರಿಸೆಪ್ಷನ್ನಿನಲ್ಲಿ ನಮ್ಮನೆ ಕಿಟಕಿ

ಹೊಗಳಿಕೆ ಎಂದರೆ ನನಗೆ ಇಷ್ಟ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳಲಿರುವ ಪೇಚಾಟಕ್ಕೆಲ್ಲ ಮೂಲ ಅದೇ. ಮೂರು ತಿಂಗಳ ಕಾಲ ನಾನು ಕಂಪ್ಯೂಟರನ್ನು ಬೈದೆ, ಅಂಚೆಯನ್ನು ಬೈದೆ, ಆಫೀಸಿನ ಜಾಫರನನ್ನು ಮನಸ್ಸಿನಲ್ಲೇ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನು ಬಿಟ್ಟು ಗೋಡೆಯನ್ನೂ ಬೈದೆ.

ಗೋಡೆಯ ವಿಷಯಕ್ಕೇ ಬರುತ್ತೇನೆ. ಬಹರೈನಿನ ಗುಫೂಲಿನಲ್ಲಿ, ಎರಡನೆಯ ಮಹಡಿಯಲ್ಲಿ ನಮ್ಮ ಬಾಡಿಗೆ ಮನೆ. ಹಾಲಿಗೆ ಒಂದೇ ಕಿಟಕಿ. ಅದನ್ನು ತೆರೆದರೆ ಪಕ್ಕದ ಕಟ್ಟಡದ ಏಳು ಏಸಿಗಳ ಬೆನ್ನು ಕಾಣುತ್ತದೆ, ಬಿಸಿ ಗಾಳಿ ಮುಖಕ್ಕೆ ಹೊಡೆಯುತ್ತದೆ. ಸೋಫಾದ ಎದುರಿನ ದೊಡ್ಡ ಗೋಡೆ ಏಳು ವರ್ಷ ಬೋಳಾಗಿಯೇ ಇತ್ತು. ಕಾರಣ ನನ್ನ ಒಂದು ಮಾತು: "ಇನ್ನೆರಡು ವರ್ಷ ತಾನೆ, ಮೊಳೆ ಯಾಕೆ?" ಇಲ್ಲಿ ನಮ್ಮ ವೀಸಾ ಎರಡೆರಡು ವರ್ಷಕ್ಕೆ ನವೀಕರಣವಾಗುತ್ತದೆ. ಹಾಗಾಗಿ ನಾವೆಲ್ಲ ಸದಾಕಾಲ ಇನ್ನೆರಡು ವರ್ಷದಲ್ಲಿ ಊರಿಗೆ ಹೋಗಲಿರುವವರು. ಇಪ್ಪತ್ತು ವರ್ಷದಿಂದ ಹಾಗೆ ಹೋಗುತ್ತಿರುವವರನ್ನು ನಾನು ಬಲ್ಲೆ.

ನನ್ನ ಹೆಂಡತಿ ಭಾರತಿ ತುಮಕೂರಿನಲ್ಲಿ ಟೀಚರಾಗಿದ್ದವಳು. ಇಲ್ಲಿ ನಾನು ಆಫೀಸಿಗೆ, ಮಗಳು ಶಾಲೆಗೆ ಹೋದ ಮೇಲೆ ಅವಳೂ ಆ ಗೋಡೆಯೂ ಎದುರುಬದುರು ಕೂತಿರುತ್ತಿದ್ದರು. ಒಂದು ದಿನ ಅವಳು ತಣ್ಣಗೆ ಹೇಳಿದಳು: "ರೀ, ಏಳು ವರ್ಷದಿಂದ ಎರಡೇ ವರ್ಷ ಅಂತಿದೀರ. ಈ ಗೋಡೆ ನೋಡಿ ನೋಡಿ ನಂಗೆ ಸಾಕಾಗಿದೆ. ಅಲ್ಲೊಂದು ಕಿಟಕಿ ಇದ್ದಿದ್ರೆ ಆಚೆ ನೋಡ್ಕೊಂಡಾದ್ರೂ ಕೂತಿರ್ತಿದ್ದೆ." ಕೋಪದಲ್ಲಿ ಹೇಳಿದ್ದರೆ ತಳ್ಳಿಹಾಕಬಹುದಿತ್ತು. ತಣ್ಣಗೆ ಹೇಳಿದ್ದರಿಂದ ನನಗೆ ಚುರುಕ್ ಎಂದಿತು. ಆಯಿತು, ಒಂದು ಚಿತ್ರ ತರಿಸೋಣ ಎಂದೆ.

ಚಿತ್ರವೆಂದರೆ ಕಲಾವಿದರು ಕೈಯಾರೆ ಬರೆದದ್ದಲ್ಲ, ಅದರ ಅಚ್ಚಿನ ಪ್ರತಿ. ಇಂಟರ್‌ನೆಟ್ಟಿನಲ್ಲಿ ಆರಿಸಿದರೆ ಸಾಕು, ಕಟ್ಟು ಹಾಕಿ ಕಳಿಸುತ್ತಾರೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. "ಆರಿಸಿದರೆ ಸಾಕು" ಎಂದವರನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಸಾವಿರಾರು ಚಿತ್ರಗಳು. ಸೋಫಾದ ಬಣ್ಣ ಒತ್ತಿದರೆ ಆ ಬಣ್ಣದ ಚಿತ್ರಗಳೆಲ್ಲ ಬರುತ್ತವೆ, ಸೀರೆಗೆ ಮ್ಯಾಚಿಂಗ್ ರವಿಕೆ ಬಟ್ಟೆ ತೆಗೆಸಿದ ಹಾಗೆ. "ಕೋಣೆಯಲ್ಲಿ ನೋಡಿ" ಎಂಬ ಗುಂಡಿ ಒತ್ತಿದರೆ ಯಾರದೋ ಬಿಳಿ ಸೋಫಾದ ಮೇಲೆ ಚಿತ್ರ ನೇತಾಡುತ್ತದೆ. ಆ ಸೋಫಾವೇ ನಮ್ಮ ಹಾಲಿನಷ್ಟಿರುತ್ತದೆ. ನಾನು ಸರಸ್ವತಿಯ ಒಂದು ಚಿತ್ರ ಆರಿಸಿದೆ. ಹತ್ತು ವರ್ಷದ ಮಗಳು ಇಣುಕಿ ನೋಡಿ, "ಅಪ್ಪಾ, ಪ್ಲೀಸ್! ಇಟ್ ಲುಕ್ಸ್ ಲೈಕ್ ಎ ಕ್ಯಾಲೆಂಡರ್" ಎಂದಳು.

ಅವಳಿಗೇನು ಗೊತ್ತು ಕ್ಯಾಲೆಂಡರಿನ ಮಹಿಮೆ! ನಮ್ಮ ಅಜ್ಜಿಯ ಕಾಲದಲ್ಲಿ ಚಿತ್ರವನ್ನು ಯಾರೂ ಆರಿಸುತ್ತಿರಲಿಲ್ಲ, ಚಿತ್ರವೇ ಮನೆಗೆ ಬರುತ್ತಿತ್ತು. ದಿನಸಿ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಕ್ಯಾಲೆಂಡರಿನಲ್ಲಿ ಲಕ್ಷ್ಮಿ ಇರುತ್ತಿದ್ದಳು. ವರ್ಷ ಮುಗಿಯಿತೆಂದು ದೇವರನ್ನು ಎಸೆಯಲಾದೀತೇ? ಕೆಳಗಿನ ತಾರೀಖು ಕತ್ತರಿಸಿ, ಕಟ್ಟು ಹಾಕಿಸಿ, ಬಾಗಿಲ ಮೇಲೆ ತುಸು ಮುಂದಕ್ಕೆ ಬಾಗಿಸಿ ನೇತುಹಾಕುತ್ತಿದ್ದರು. ಇನ್ನು ಹಳೆಯ ಕಾವ್ಯಗಳನ್ನು ನೋಡಿದರೆ ಅರಮನೆಗಳಲ್ಲಿ ಚಿತ್ರಶಾಲೆಗಳೇ ಇರುತ್ತಿದ್ದವು. ವಿರಹದ ನಾಯಕಿ ಅಲ್ಲಿ ಚಿತ್ರಪಟ ನೋಡಿ ಮೂರ್ಛೆ ಹೋಗುತ್ತಿದ್ದಳು. ನಾನು ಮೂರ್ಛೆಯ ಹಂತಕ್ಕೆ ಬಂದದ್ದು ಎರಡನೆಯ ವಾರ, ಹನ್ನೊಂದು ಬಗೆಯ ಕಾಗದದಲ್ಲಿ ಒಂದನ್ನು ಆರಿಸಿ ಎಂದಾಗ.

ತಪ್ಪು ಸ್ವಲ್ಪ ನನ್ನ ಉದ್ಯೋಗದ್ದೂ ಇದೆ. ಕಟ್ಟಡಗಳಿಗೆ ಏಸಿ ಅಳವಡಿಸುವ ಕಂಪನಿಯೊಂದರಲ್ಲಿ ನಾನು ಖರೀದಿ ಅಧಿಕಾರಿ. ಮೂರು ಕೊಟೇಶನ್ ಇಲ್ಲದೆ ಒಂದು ಸ್ಕ್ರೂ ಕೊಂಡವನಲ್ಲ. ಮನೆಯಲ್ಲೂ ಹದಿನಾಲ್ಕು ಚಿತ್ರಗಳ ತುಲನಾತ್ಮಕ ಪಟ್ಟಿ ಮಾಡಿದೆ. ಭಾರತಿ ಆ ಪಟ್ಟಿಯನ್ನು ಮಡಿಸಿ ಟೀಪಾಯಿಯ ಕುಂಟು ಕಾಲಿನಡಿ ಇಟ್ಟು, ಕಂಪ್ಯೂಟರಿನ ಮುಂದೆ ಕೂತು ಐದೇ ನಿಮಿಷದಲ್ಲಿ ಆರಿಸಿದಳು. ಒಂದು ನೀಲಿ ಕಿಟಕಿ. ಬಾಗಿಲು ಅರ್ಧ ತೆರೆದಿದೆ, ಅಂಚಿನಲ್ಲೊಂದು ಮಣ್ಣಿನ ಕುಂಡ, ಆಚೆ ಬೆಳಗಿನ ಬಿಸಿಲಿನಲ್ಲಿ ಖಾಲಿ ರಸ್ತೆ. ಯಾವ ಊರೆಂದು ಗೊತ್ತಾಗುವುದಿಲ್ಲ. "ಯಾರಾದ್ರೂ ಬರಬಹುದು ಅನ್ನೋ ಹಾಗಿದೆ ಅಲ್ವಾ?" ಎಂದಳು. ಅವಳ ದನಿಯಲ್ಲಿ ಅಷ್ಟು ಉತ್ಸಾಹ ಕೇಳಿ ಬಹಳ ದಿನವಾಗಿತ್ತು.

ಇನ್ನು ವಿಳಾಸ. ಇಲ್ಲಿ ಅಂಚೆಯವರು ಮನೆ ಬಾಗಿಲಿಗೆ ಬರುವುದಿಲ್ಲ. ಕಾಗದಗಳೆಲ್ಲ ಪೋಸ್ಟ್ ಬಾಕ್ಸಿಗೆ ಬರುತ್ತವೆ, ನಮ್ಮಂಥವರ ಪೋಸ್ಟ್ ಬಾಕ್ಸ್ ಎಂದರೆ ಕಂಪನಿಯದೇ. ಹಾಗಾಗಿ ಮೊದಲ ಸಾಲಿಗೆ ಕಂಪನಿಯ ಹೆಸರು ಬರೆದೆ. ಎರಡನೆಯ ಸಾಲಿಗೆ ರಘುನಾಥ್ ಎಂದು ಬರೆದು ಸುಮ್ಮನಿರಬಹುದಿತ್ತು. ಹುದ್ದೆ ಎಂಬ ಖಾಲಿ ಜಾಗ ಕಂಡಿತು. ತುಂಬಲೇಬೇಕೆಂದು ಯಾರೂ ಒತ್ತಾಯಿಸಿರಲಿಲ್ಲ. ತುಂಬಿದೆ: ಖರೀದಿ ಅಧಿಕಾರಿ.

ಚಿತ್ರ ಬಂದದ್ದು ಡಿಸೆಂಬರಿನಲ್ಲಿ. ಡಿಸೆಂಬರಿನಲ್ಲಿ ನಮಗೆ ಸಾಮಾನು ಮಾರುವವರೆಲ್ಲ ಕ್ಯಾಲೆಂಡರು, ಡೈರಿ, ಪೆನ್ನು, ಖರ್ಜೂರದ ಡಬ್ಬಿ ಕಳಿಸುತ್ತಾರೆ. ಎಲ್ಲವೂ ಖರೀದಿ ಅಧಿಕಾರಿಯ ಹೆಸರಿಗೆ. ಎರಡು ವರ್ಷದ ಹಿಂದೆ ನಾನೇ ಮುಂದೆ ಬಿದ್ದು ಒಂದು ಸುತ್ತೋಲೆ ಬರೆದಿದ್ದೆ: ಖರೀದಿ ವಿಭಾಗಕ್ಕೆ ಬರುವ ಉಡುಗೊರೆಗಳನ್ನೆಲ್ಲ ತೆರೆದು ರಿಸೆಪ್ಷನ್ನಿನಲ್ಲಿ ಇಡತಕ್ಕದ್ದು, ಅವು ಕಂಪನಿಯ ಸ್ವತ್ತು. ಬರೆಯಿರಿ ಎಂದು ಯಾರೂ ಕೇಳಿರಲಿಲ್ಲ. ಪ್ರಾಮಾಣಿಕ ಎಂದು ನಾಲ್ಕು ಜನ ಅನ್ನಲಿ ಎಂಬ ಆಸೆ, ಅಷ್ಟೇ. ಕಂಪನಿಯ ಅಂಚೆಗೂ ಸರ್ಕಾರಿ ಕಾಗದಪತ್ರಗಳಿಗೂ ಓಡಾಡುವವನು ಜಾಫರ್. ಇಲ್ಲಿ ಅಂಥವರನ್ನು ಮಂದೂಬ್ ಎನ್ನುತ್ತಾರೆ. ಅವನು ಒಳ್ಳೆಯ ಮನುಷ್ಯ, ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದ.

ಆ ದಿನ ನಾನು ಮುಹರ್ರಕ್‌ನ ವಿಮಾನ ನಿಲ್ದಾಣದಲ್ಲಿ ಕಂಪನಿಯ ಮೋಟಾರುಗಳನ್ನು ಬಿಡಿಸಿಕೊಳ್ಳಲು ಹೋಗಿದ್ದೆ. ಮಧ್ಯಾಹ್ನ ಬಂದು ನೋಡಿದರೆ ರಿಸೆಪ್ಷನ್ನಿನಲ್ಲಿ ಇಡೀ ಆಫೀಸು ನಿಂತಿದೆ. ಗೋಡೆಯ ಮೇಲೆ ನಮ್ಮ ಕಿಟಕಿ. ಪಕ್ಕದಲ್ಲೇ ಸಮುದ್ರ ಕಾಣುವ ಹತ್ತಡಿಯ ನಿಜವಾದ ಕಿಟಕಿ! ಯಜಮಾನರಾದ ಅಬು ಸಲ್ಮಾನ್ ನನ್ನ ಹೆಗಲ ಮೇಲೆ ಕೈಹಾಕಿದರು. ಅವರು ಹಿಂದಿ, ಇಂಗ್ಲಿಷು ಕಲಸಿ ಮಾತಾಡುತ್ತಾರೆ. ಸಾರಾಂಶ ಇದು: "ನೋಡಿ, ಇಷ್ಟು ಚೆಂದದ ಉಡುಗೊರೆ ಇವನ ಹೆಸರಿಗೇ ಬಂದಿದೆ. ಇವನದೇ ನಿಯಮದಂತೆ ಕಂಪನಿಗೆ ಸೇರಿತು. ಮಾಶಾ ಅಲ್ಲಾ! ಮನುಷ್ಯ ಅಂದ್ರೆ ಹೀಗಿರಬೇಕು." ಎಲ್ಲರೂ ಚಪ್ಪಾಳೆ ತಟ್ಟಿದರು.

"ಇದು ನಾನು ಕೊಂಡದ್ದು" ಎನ್ನಲು ಬಾಯಿ ತೆರೆದೆ. ಆದರೆ ಖರೀದಿ ಅಧಿಕಾರಿಯೊಬ್ಬ ಉಡುಗೊರೆಯ ಮುಂದೆ ನಿಂತು ಹಾಗಂದರೆ ಕೇಳಿದವರು ನಗುವುದಿಲ್ಲವೇ? ರಸೀದಿ ಇತ್ತು, ಈಮೇಲಿನಲ್ಲಿ ಭದ್ರವಾಗಿತ್ತು. ಒಂದು ಪ್ರಿಂಟ್ ತೆಗೆದಿದ್ದರೆ ಮುಗಿಯುತ್ತಿತ್ತು. ಆದರೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ತೆರೆದ ಬಾಯಿಯಿಂದ ಹೊರಬಂದದ್ದು, "ಅದು ನನ್ನ ಕರ್ತವ್ಯ ಸರ್."

ಮನೆಯಲ್ಲಿ ಭಾರತಿ ಗೋಡೆಗೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಕಾಯುತ್ತಿದ್ದಳು. ವಿಷಯ ಕೇಳಿ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ದುಡ್ಡು ಕೊಟ್ಟಿರೋದು ನಾವು. ನಾಳೆ ಹೋಗಿ ತಗೊಂಡ್ ಬನ್ನಿ" ಎಂದಳು. ನಾಳೆ ಎಂದೆ. ನಾಳೆಗಳು ಒಂದೊಂದಾಗಿ ಕಳೆದವು. ದಿನಾ ಬೆಳಿಗ್ಗೆ ನಾನು ನನ್ನದೇ ಕಿಟಕಿಯ ಮುಂದೆ ನಡೆದು ಕೆಲಸಕ್ಕೆ ಹೋಗುತ್ತಿದ್ದೆ. ಬಂದವರಿಗೆಲ್ಲ ಅಬು ಸಲ್ಮಾನ್ ನನ್ನ ಕಥೆ ಹೇಳುತ್ತಿದ್ದರು. ಪ್ರತಿ ಸಲವೂ ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ. ಅಭ್ಯಾಸವಾಗಿ ವಿನಯ ಬರಬರುತ್ತಾ ಚೆನ್ನಾಗಿಯೇ ಬರತೊಡಗಿತು. ಮನೆಯಲ್ಲಿ ಮಾತ್ರ ಭಾರತಿ ಕಿಟಕಿಯ ಸುದ್ದಿ ಎತ್ತುವುದನ್ನೇ ನಿಲ್ಲಿಸಿದಳು. ಪೆನ್ಸಿಲ್ ಗುರುತನ್ನು ಅಳಿಸಿರಲಿಲ್ಲ. ಸೋಫಾದಲ್ಲಿ ಕೂತಾಗ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು, ಮತ್ತು ನನಗೆ ನಾಚಿಕೆಯಾಗುತ್ತಿತ್ತು.

ಮಾರ್ಚಿನಲ್ಲಿ ವೀಸಾ ನವೀಕರಣ ಬಂತು. ಗುರುತಿನ ಚೀಟಿಗೆ ಫೋಟೋ ತೆಗೆಸಲು ಭಾರತಿ ಜಾಫರನ ಜೊತೆ ಹೋಗಬೇಕಿತ್ತು. ಅವನು ಬರುವವರೆಗೆ ರಿಸೆಪ್ಷನ್ನಿನಲ್ಲಿ, ಸರಿಯಾಗಿ ಕಿಟಕಿಯ ಎದುರು ಕೂತಳು. ನಾನು ಪಕ್ಕದಲ್ಲಿ ಕೂತು ಬೆವರುತ್ತಿದ್ದೆ. ಅಷ್ಟರಲ್ಲಿ ಅಬು ಸಲ್ಮಾನ್ ಬಂದರು.

ಅವರ ಬಗ್ಗೆ ಒಂದು ಮಾತು ಹೇಳಬೇಕು. ಅವರು ಹಳೆಯ ಕಾಲದವರು. ಅವರ ಬಳಿ ಇರುವ ಯಾವುದನ್ನೇ ಆಗಲಿ ನೀವು ಹೊಗಳಿದರೆ ಅದನ್ನು ನಿಮ್ಮ ಕೈಗಿಡದೆ ಬಿಡುವುದಿಲ್ಲ. ಹಿಂದೊಮ್ಮೆ ಅವರ ಹಿತ್ತಾಳೆಯ ಕಾಫಿ ಹೂಜಿ ಚೆನ್ನಾಗಿದೆ ಎಂದು ಹೇಳಿ, ಅದನ್ನು ಹೊತ್ತುಕೊಂಡು ಮನೆಗೆ ಬಂದಿದ್ದೆ. ಅಂದಿನಿಂದ ಅವರ ಮುಂದೆ ಹವಾಮಾನವನ್ನೂ ಹೊಗಳುವುದಿಲ್ಲ. ಈ ಕಥೆಯನ್ನು ಭಾರತಿಗೆ ನಾನೇ ಹೇಳಿದ್ದೆ.

ಅವಳು ಎದ್ದು ನಮಸ್ಕಾರ ಮಾಡಿ, ಹಿಂದಿಯಲ್ಲಿ, "ಸರ್, ಈ ಚಿತ್ರ ತುಂಬಾ ಚೆನ್ನಾಗಿದೆ. ನೋಡ್ತಾ ಇದ್ರೆ ಮನಸ್ಸಿಗೆ ಹಿತ ಆಗುತ್ತೆ" ಎಂದಳು.

"ಹಾಗಾದರೆ ಅದು ನಿಮ್ಮದು. ತಫದ್ದಲ್, ತಗೊಳ್ಳಿ" ಎಂದರು ಅವರು. ಮರ್ಯಾದೆಯ ಪ್ರಕಾರ ಮೂರು ಸಲ ಬೇಡ ಎನ್ನಬೇಕು. ಭಾರತಿ ಒಂದೇ ಸಲ ಅಂದಳು, ಅದೂ ಯಾರಿಗೂ ಕೇಳಿಸದ ಹಾಗೆ. ಸಂಜೆಯೊಳಗೆ ಜಾಫರ್ ಚಿತ್ರವನ್ನೂ ಒಂದು ಡ್ರಿಲ್ ಯಂತ್ರವನ್ನೂ ಹೊತ್ತು ನಮ್ಮ ಮನೆಗೆ ಬಂದ. ಪೆನ್ಸಿಲ್ ಗುರುತಿನ ಮೇಲೆ ತೂತು ಬಿತ್ತು. ಭಾರತಿ ಸೋಫಾದಲ್ಲಿ ಕಾಲು ಮಡಚಿ ಕೂತು ಆಚೆ ನೋಡತೊಡಗಿದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮರುದಿನ ಅಬು ಸಲ್ಮಾನ್ ಕರೆದು, "ರಿಸೆಪ್ಷನ್ನಿನ ಗೋಡೆ ಬೋಳಾಯಿತು. ಅಂಥದ್ದೇ ಒಂದು ತರಿಸು" ಎಂದರು. ಖರೀದಿಯ ನಮೂನೆ ತುಂಬಲು ಕೂತೆ. ಅದರ ಕೊನೆಯಲ್ಲಿ ಒಂದು ಪ್ರಶ್ನೆ ಇದೆ: ಈ ವಸ್ತುವಿನ ಸಂಬಂಧ ಖರೀದಿ ಅಧಿಕಾರಿಗೆ ಸ್ವಂತ ಹಿತಾಸಕ್ತಿ ಇದೆಯೇ? ಅದನ್ನು ಸೇರಿಸಿದವನೂ ನಾನೇ. ವರ್ಷಗಳಿಂದ ಕಣ್ಣು ಮುಚ್ಚಿಕೊಂಡು "ಇಲ್ಲ" ಎಂದು ಬರೆಯುತ್ತಾ ಬಂದಿದ್ದೇನೆ. ಆ ದಿನ ಪೆನ್ನು ಮುಂದೆ ಓಡಲಿಲ್ಲ. ಹೆಂಡತಿ ನಮ್ಮದೇ ದುಡ್ಡಿನ ವಸ್ತುವನ್ನು ಬೇಡಿ ತಂದಿದ್ದಾಳೆ, ನನ್ನ ಹೆಸರು ಕೆಡದಿರಲೆಂದು. ನಾನು ಇನ್ನೂ ಹೆಸರು ಕಾಯುತ್ತಾ ಕೂತಿದ್ದೇನೆ. ಇದೆ, ಎಂದು ಬರೆದೆ. ಜಾಗ ಸಾಲದೆ ಹಾಳೆಯ ಹಿಂಬದಿಗೂ ಹೋಗಿ, ಹದಿನಾಲ್ಕು ಚಿತ್ರಗಳ ಪಟ್ಟಿಯಿಂದ ಹಿಡಿದು ಚಪ್ಪಾಳೆಯವರೆಗೆ ಎಲ್ಲವನ್ನೂ ಬರೆದು, ರಸೀದಿ ಲಗತ್ತಿಸಿ, ಒಳಗೆ ಕಳಿಸಿದೆ.

ಅವರು ಕರೆಸಿದಾಗ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. "ಮೂರು ತಿಂಗಳು, ಹಬೀಬಿ! ಒಂದು ಮಾತು ಹೇಳಬಾರದಿತ್ತಾ?"

"ನೀವು ಹೊಗಳಿಬಿಟ್ಟಿದ್ದಿರಿ ಸರ್" ಎಂದೆ.

ನಗು ನಿಂತಿತು. ನಮೂನೆಗೆ ರುಜು ಹಾಕಿದರು. "ಸರಿ, ಇನ್ನು ಹೊಗಳೋದಿಲ್ಲ. ಹೋಗು. ಈ ಸಲ ಚಿತ್ರ ಮೇಡಂ ಆರಿಸಲಿ, ನಿನ್ನ ಪಟ್ಟಿ ಬೇಡ."

ಹೊರಗೆ ಬಂದಾಗ ನನಗೆ ಎಷ್ಟು ಹಗುರಾಗಿತ್ತೆಂದರೆ ಮೂರು ತಿಂಗಳು ಆ ಚಿತ್ರವನ್ನು ಹೊತ್ತದ್ದು ಗೋಡೆಯಲ್ಲ, ನಾನೇ ಅನ್ನಿಸಿತು. ಮನೆಗೆ ಬಂದು ಭಾರತಿಗೆ ಎಲ್ಲ ಹೇಳಿದೆ. ಅವಳು ಹೊಗಳಲಿಲ್ಲ. "ಕಾಫಿ ಕುಡೀತೀರಾ?" ಎಂದಳು. ಇಬ್ಬರೂ ಕಿಟಕಿಯ ಎದುರು ಕೂತು ಕುಡಿದೆವು. ವೀಸಾ ಮುಗಿಯಲು ಇನ್ನೆರಡು ವರ್ಷ ಇದೆ. ಮಲಗುವ ಕೋಣೆಯ ಗೋಡೆಯೂ ಬೋಳಾಗಿದೆ. ಜಾಫರ್ ಡ್ರಿಲ್ ಯಂತ್ರ ವಾಪಸು ಕೇಳಿದ, ಒಂದು ವಾರ ಇರಲಿ ಎಂದಿದ್ದೇನೆ.