ಶೆರೀಫನನ್ನು ಬೈಯುತ್ತಿದ್ದ ಗುನ್ನೆಲ್

ಗುನ್ನೆಲ್ ಟಿವಿ ನೋಡುತ್ತಿರಲಿಲ್ಲ, ಟಿವಿಯ ಜೊತೆ ಜಗಳವಾಡುತ್ತಿದ್ದರು. ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದ ಹೆಂಗಸು; ಮೇಲಿನಿಂದ ಕೆಳಕ್ಕೆ ಕೂಗಿ ಕೂಗಿ ಪಳಗಿದ ಗಂಟಲು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಇಂಜಿನಿಯರ್ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದ ಮೊದಲ ಡಿಸೆಂಬರ್‌ನಲ್ಲಿ ಆ ಕೂಗಿಗೆ ಗಾಬರಿಯಾಗಿ ಬಾಗಿಲು ತಟ್ಟಿದೆ. "ಬಾ, ಈ ಅನ್ಯಾಯ ನೀನೂ ನೋಡು" ಎಂದು ಕೈಹಿಡಿದು ಕೂರಿಸಿದರು.

ಹಳೆಯ ಅಮೆರಿಕನ್ ಕೌಬಾಯ್ ಧಾರಾವಾಹಿಯ ಕ್ರಿಸ್‌ಮಸ್ ಕಂತು. ಹಿಮದಲ್ಲಿ ಬಸುರಿ ಹೆಂಡತಿಯೊಂದಿಗೆ ಬಂದವನಿಗೆ ಊರಲ್ಲಿ ಯಾರೂ ಜಾಗ ಕೊಡುವುದಿಲ್ಲ. ಕೊನೆಗೆ ಊರು ಕಾಯುವ ಶೆರೀಫ್ ಕುದುರೆ ಲಾಯದಲ್ಲಿ ಹುಲ್ಲು ಹಾಸಿಕೊಡುತ್ತಾನೆ. ಮಗು ಹುಟ್ಟುತ್ತದೆ, ಊರೆಲ್ಲ ಸೇರಿ ಹಾಡುತ್ತದೆ. ನನ್ನ ಕಣ್ಣು ತುಂಬಿತು. ಗುನ್ನೆಲ್ ಪರದೆಯತ್ತ ರಿಮೋಟ್ ಝಳಪಿಸಿದರು.

"ಹಾಡ್ತಾರಂತೆ! ನಾಚಿಕೆ ಬೇಡ್ವಾ? ಆ ಶೆರೀಫನ ಮನೇಲಿ ನಾಲ್ಕು ಕೋಣೆ ಇದೆ, ಹಿಂದಿನ ಕಂತಲ್ಲಿ ನಾನೇ ನೋಡಿದೀನಿ!"

ಪ್ರತಿ ವರ್ಷ ಡಿಸ್ಕ್ ಹಾಕಿ ಅದೇ ಕಂತು ನೋಡುತ್ತಿದ್ದರು, ಅಷ್ಟೇ ಹೊಸದಾಗಿ ಸಿಟ್ಟಾಗುತ್ತಿದ್ದರು. ಇಂಗ್ಲಿಷಿನಲ್ಲಿ ಶುರುವಾದ ಬೈಗುಳ ಸ್ವೀಡಿಷ್‌ನಲ್ಲಿ ಮುಗಿಯುತ್ತಿತ್ತು.

ಮೂರನೇ ಡಿಸೆಂಬರ್‌ಗೆ ನಾನೇ ತುಂಬು ಬಸುರಿ. ನಾವಿದ್ದದ್ದು ಬಾಡಿಗೆ ಫ್ಲ್ಯಾಟಿನಲ್ಲಿ. ಕರಾರು ಬೇಸಿಗೆಯವರೆಗೂ ಇತ್ತು. ಮಾಲೀಕ ಬಂದು, "ಹಬ್ಬಕ್ಕೆ ನನ್ನ ತಂಗಿ ಬರ್ತಿದಾಳೆ, ಈ ವಾರವೇ ಖಾಲಿ ಮಾಡಿ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಗಂಡ ಮಹೇಶ್ ಮಾತ್ರ, "ಜಗಳ ಬೇಡ ಕಣೇ. ನಾಳೆ ಇನ್ನೊಂದು ಮನೆಯವರು ಇವರ ರೆಫರೆನ್ಸ್ ಕೇಳಿದ್ರೆ? ಅಡ್ಜಸ್ಟ್ ಮಾಡ್ಕೊಳೋಣ" ಎನ್ನುತ್ತ ಸೂಟ್‌ಕೇಸ್ ಇಳಿಸಿದ.

ಸುದ್ದಿ ತಿಳಿದ ಗುನ್ನೆಲ್ ಮೆಟ್ಟಿಲ ಬಳಿಯೇ ಮಾಲೀಕನನ್ನು ಅಡ್ಡಗಟ್ಟಿದರು. ಗಲಾಟೆ ಕೇಳಿ ಕಟ್ಟಡದ ಸಂಘದ ಅಧ್ಯಕ್ಷರೂ ಬಂದರು. ಬಹಳ ಸೌಜನ್ಯದಿಂದ, "ನೆಲಮಾಳಿಗೆಯಲ್ಲಿ ಒಂದು ಕೋಣೆ ಇದೆಯಲ್ಲ, ಕೆಲವು ದಿನ ಇವರು ಅಲ್ಲಿರಬಹುದು" ಎಂದರು.

"ನೆಲಮಾಳಿಗೆ!" ಗುನ್ನೆಲ್ ದನಿಗೆ ಎಲ್ಲ ಮಹಡಿಯ ಬಾಗಿಲುಗಳೂ ತೆರೆದುಕೊಂಡವು. "ಹಕ್ಕಿನ ಮನೆ ಬಿಟ್ಟು ಇವರ್ಯಾಕೆ ಕೆಳಗೆ ಹೋಗ್ಬೇಕು? ನಿನ್ನ ತಂಗಿಗೆ ಜಾಗ ಬೇಕಾ? ನನ್ನ ಮನೇಲಿ ಮಲಗ್ಲಿ!"

ಆ ತಂಗಿ ನಿಜಕ್ಕೂ ಗಂಡ, ಮಕ್ಕಳ ಸಮೇತ ಗುನ್ನೆಲ್ ಮನೆಯಲ್ಲೇ ಉಳಿದಳು. ಹಬ್ಬ ಮುಗಿಯುವವರೆಗೆ ಗುನ್ನೆಲ್ ಅಡುಗೆಮನೆಯ ಬೆಂಚಿನ ಮೇಲೆ ಮಲಗಿದರು.

ಮಗಳು ಹುಟ್ಟಿದ ಮೇಲೆ ಪಾಯಸ ಹಿಡಿದುಕೊಂಡು ಥ್ಯಾಂಕ್ಸ್ ಹೇಳಲು ಹೋದೆ. "ನಿನ್ನ ಮನೇಲಿ ನೀನು ಉಳಿದಿದ್ದಕ್ಕೆ ನನಗ್ಯಾಕೆ ಥ್ಯಾಂಕ್ಸ್?" ಎಂದು ಅದಕ್ಕೂ ರೇಗಿದರು. ಪಾಯಸ ಮಾತ್ರ ಬಟ್ಟಲು ಕೆರೆದು ತಿಂದರು.

ಕಳೆದ ಶರತ್ಕಾಲದಲ್ಲಿ ಗುನ್ನೆಲ್ ತೀರಿಕೊಂಡರು. ಅಂತ್ಯಕ್ರಿಯೆ ಮುಗಿಸಿ ಎಲ್ಲರೂ ಕಾಫಿಗೆ ಕೂತಾಗ ಅದೇ ಅಧ್ಯಕ್ಷರು ಎದ್ದು, "ಶಾಂತ ಸ್ವಭಾವದವರು, ಎಲ್ಲರೊಂದಿಗೂ ಹೊಂದಿಕೊಂಡು ಹೋಗುತ್ತಿದ್ದವರು" ಎಂದರು. ಸುತ್ತಲೂ ತಲೆಗಳು ಆಡಿದವು. ಮಹೇಶ್ ಮೇಜಿನ ಕೆಳಗೆ ನನ್ನ ಕೈ ಒತ್ತಿ ಹಿಡಿದ. ಬಿಡಿಸಿಕೊಂಡು ಎದ್ದೆ.

"ಇಲ್ಲ," ಎಂದೆ, ನನ್ನ ಅರೆಬರೆ ಸ್ವೀಡಿಷ್‌ನಲ್ಲಿ. "ಗುನ್ನೆಲ್ ಹೊಂದಿಕೊಳ್ಳಲಿಲ್ಲ. ಕೂಗಾಡಿದರು. ನಿಮ್ಮ ಮೇಲೆಯೇ ಕೂಗಾಡಿದರು. ಅದಕ್ಕೇ ನನ್ನ ಮಗು ಆಸ್ಪತ್ರೆಯಿಂದ ತನ್ನ ಮನೆಗೆ ಬಂತು."

ಪಕ್ಕದಲ್ಲಿದ್ದ ಮಗಳು ನನ್ನ ಕೋಟು ಜಗ್ಗಿ, "ಅಮ್ಮ, ಯಾಕೆ ಕಿರುಚ್ತಿದೀಯ?" ಎಂದು ಸ್ವೀಡಿಷ್‌ನಲ್ಲಿ ಕೇಳಿದಳು.

ನಾನು ಇನ್ನೂ ಹೇಳುವುದಿತ್ತು. ಹೇಳಿಯೇ ಕೂತೆ.