ಒಲೆಯ ಮುಂದಿನ ಕಿಟಕಿ

ತ್ಸುಕುಬಾದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮುಂದಿನ ರಸ್ತೆಯ ಎರಡೂ ಬದಿಗೆ ಗಿಂಕ್ಗೊ ಮರಗಳಿವೆ. ನವೆಂಬರಿನಲ್ಲಿ ಎಲೆಗಳೆಲ್ಲ ಅರಿಶಿನದ ಬಣ್ಣಕ್ಕೆ ತಿರುಗಿದಾಗ ಜನ ದೂರದಿಂದ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಫೋಟೋದಲ್ಲಿ ವಾಸನೆ ಬರುವುದಿಲ್ಲವಾದ್ದರಿಂದ ನಾನೇ ಹೇಳಬೇಕು: ಉದುರಿದ ಹಣ್ಣು ಕಾಲಿಗೆ ಸಿಕ್ಕಿ ಒಡೆದರೆ ಕಮಟು ಬೆಣ್ಣೆಯ ನಾತ. ಕೆಳಗಿನ ಮನೆಯ ತಕೆದಾ ಸಾನ್ ರಬ್ಬರ್ ಕೈಗವಸು ಹಾಕಿಕೊಂಡು, ಕುಕ್ಕರಗಾಲಲ್ಲಿ ಕೂತು, ಆ ಹಣ್ಣುಗಳನ್ನು ಬಕೆಟ್ಟಿಗೆ ಆಯ್ದುಕೊಳ್ಳುತ್ತಾರೆ. ಒಳಗಿನ ಬೀಜವನ್ನು ಹುರಿದು ತಿನ್ನುತ್ತಾರಂತೆ. ಅಂತೆ ಎಂದೆ, ಏಕೆಂದರೆ ನಾನು ಅವರನ್ನು ಕೇಳಿಲ್ಲ. ಈ ಮನೆಗೆ ಬಂದ ದಿನ, ಇಲ್ಲಿನ ಜಪಾನೀ ಪದ್ಧತಿಯಂತೆ, ಅಕ್ಕಪಕ್ಕದವರಿಗೆಲ್ಲ ಒಂದೊಂದು ಟವೆಲ್ ಕೊಟ್ಟು ಪರಿಚಯ ಹೇಳಿಕೊಂಡೆವು. ಆಮೇಲೆ ತಲೆ ಬಾಗಿಸಿ ದಾಟಿ ಹೋಗುವುದರಲ್ಲೇ ವರ್ಷಗಳು ಕಳೆದಿವೆ.

ಹೋದ ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಹರವುವಾಗ ಆ ನಾತ ಬಂತು. ನನಗೆ ನೆನಪಾದದ್ದು ಇಂಗ್ಲೆಂಡಿನ ಒಂದು ಹಳೆಯ ಸಂತೆಯೂರಿನ ಚೌಕ, ಅಲ್ಲಿ ಪಟ್ಟೆಪಟ್ಟೆ ಬಟ್ಟೆಯ ಚಪ್ಪರದಡಿ ಚೀಸ್ ಮಾರುತ್ತಿದ್ದವನು. ಅಲ್ಲಿ ಇದೇ ವಾಸನೆ ಇತ್ತೇ, ಅಥವಾ ಗಿಂಕ್ಗೊ ಹಣ್ಣು ಈಗ ಅದನ್ನು ಆ ಚೌಕಕ್ಕೆ ಸೇರಿಸುತ್ತಿದೆಯೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಆ ಊರು ನೆನಪಾಗಲು ವಾಸನೆಯ ಹಂಗೇನೂ ಬೇಕಿರಲಿಲ್ಲ. ಅಲ್ಲಿಗೆ ಹೋಗಿ ನೆಲೆಸುತ್ತೇವೋ ಇಲ್ಲವೋ ಎಂಬುದನ್ನು ನಾನು ಸೋಮವಾರದೊಳಗೆ ಬರೆದು ತಿಳಿಸಬೇಕಿತ್ತು.

ಇಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ನನ್ನದು ಒಪ್ಪಂದದ ಕೆಲಸ. ಮಾರ್ಚಿಗೆ ಮುಗಿಯುತ್ತದೆ, ಮುಂದುವರಿಸಲು ಆಗುವುದಿಲ್ಲ ಎಂದು ಬಹಳ ಬಾಗಿ, ಬಹಳ ವಿನಯದಿಂದ ತಿಳಿಸಿದ್ದಾರೆ. ಇನ್ನೊಂದು ಕಡೆ, ನಾನು ಇಪ್ಪತ್ತಮೂರರ ವಯಸ್ಸಿನಲ್ಲಿ ಒಂದು ವರ್ಷ ಓದಿದ ಆ ಊರಿನ ಸಸ್ಯವಿಜ್ಞಾನ ಕೇಂದ್ರ ಕಾಯಂ ಕೆಲಸ ಕೊಡುತ್ತೇನೆನ್ನುತ್ತಿದೆ. ಗಂಡ ಸುಧೀರನ ಕಂಪನಿಗೆ ಲಂಡನ್ನಿನಲ್ಲೂ ಆಫೀಸಿದೆ, ಅವನಿಗೆ ತೊಂದರೆಯಿಲ್ಲ. ತೊಂದರೆಯಿದ್ದದ್ದು ಒಂಬತ್ತು ವರ್ಷದ ಇಂಚರಳಿಗೆ. ಅವಳು ಹುಟ್ಟಿದ್ದೇ ಇಲ್ಲಿ. ವಿಷಯ ಕೇಳಿದಾಗ ಅತ್ತು ರಂಪ ಮಾಡಲಿಲ್ಲ. ಯುಯಿ ಚಾನ್‌ಗೆ ಯಾರು ಹೇಳುತ್ತಾರೆ ಎಂದಷ್ಟೇ ಕೇಳಿದಳು. ಯುಯಿ ದಿನಾ ಬೆಳಿಗ್ಗೆ ರಸ್ತೆಯ ತಿರುವಿನಲ್ಲಿ ಹಳದಿ ಟೋಪಿ ಹಾಕಿಕೊಂಡು ಇವಳಿಗಾಗಿ ಕಾಯುವ ಹುಡುಗಿ.

ಮನೆಯಲ್ಲಿ ಆ ಊರಿನ ಬಗ್ಗೆ ಮಾತಾಡುವ ಅಧಿಕಾರ ನನಗೊಬ್ಬಳಿಗೇ ಇತ್ತು. “ನೀನು ಇದ್ದ ಊರಲ್ವಾ, ನೀನೇ ಹೇಳ್ಬೇಕು,” ಎಂದು ಸುಧೀರ ನನಗೇ ಬಿಟ್ಟುಬಿಟ್ಟ. ವರ್ಷಗಳಿಂದ ಊಟಕ್ಕೆ ಬಂದವರ ಮುಂದೆಲ್ಲ ನಾನು ಆ ಊರಿನ ಬಗ್ಗೆ ಒಂದೇ ತೀರ್ಪು ಕೊಡುತ್ತ ಬಂದಿದ್ದೆ: ನೋಡೋಕೆ ಚೆಂದ, ಇರೋಕಲ್ಲ. ಕಲ್ಲಿನ ಹಳೆಯ ಶಿಲುಬೆ, ಧಾನ್ಯದ ವ್ಯಾಪಾರಕ್ಕೆಂದು ಕಟ್ಟಿ ಈಗ ಕಾರ್ಪೆಟ್ ಮಾರುವ ಕಂಬಗಳ ಭವನ, ಸಂಜೆ ಐದಕ್ಕೆ ಬಾಗಿಲು ಹಾಕುವ ಅಂಗಡಿಗಳು, ಚಳಿಗಾಲದಲ್ಲಿ ನಾಲ್ಕಕ್ಕೇ ಕವಿಯುವ ಕತ್ತಲು. ಇದೆಲ್ಲ ನಿಜವೇ. ಆದರೆ ತೀರ್ಪಿಗೆ ಮುಖ್ಯ ಸಾಕ್ಷಿಯಾಗಿ ನಾನು ಹೇಳುತ್ತಿದ್ದದ್ದು ಹಾಲಿನ ಕಥೆ.

ನಿಮಗೂ ಹೇಳುತ್ತೇನೆ. ಅಲ್ಲಿ ಡೊರೊಥಿ ಎಂಬ ವಿಧವೆಯ ಮನೆಯಲ್ಲಿ ನಾನು ಬಾಡಿಗೆಗಿದ್ದೆ. ಹೋದ ದಿನವೇ, ಹೊಸ ಮನೆಯೆಂದು, ಅವರ ಒಲೆಯ ಮೇಲೆ ಹಾಲಿಟ್ಟು ಬೇಕೆಂದೇ ಉಕ್ಕಿಸಿದೆ. ಸುಟ್ಟ ವಾಸನೆಗೆ ಅವರು ಕೋಲೂರಿಕೊಂಡು ಓಡಿ ಬಂದರು. ಇದು ಶುಭ, ನಾವು ಹೀಗೆ ಮಾಡುತ್ತೇವೆ ಎಂದು ವಿವರಿಸುವಷ್ಟು ಧೈರ್ಯವಾಗಲಿ ಇಂಗ್ಲಿಷಾಗಲಿ ಆಗ ಬರಲಿಲ್ಲ. ಸಾರಿ ಎಂದು ಒಲೆ ಒರೆಸಿದೆ. ಹುಡುಗಿಗೆ ಮೈಮೇಲೆ ಎಚ್ಚರವಿಲ್ಲ ಎಂದು ಅವರು ತೀರ್ಮಾನಿಸಿರಬೇಕು. ಬಾಟಲಿಯ ಹಾಲನ್ನೂ ಕಾಯಿಸದೆ ಕುಡಿಯಲಾರದವಳು ನಾನು; ದಿನಾ ಸಂಜೆ ಪಾತ್ರೆಯ ಸದ್ದಾದ ಕೂಡಲೇ ಮುಂದಿನ ಕೋಣೆಯಿಂದ ಕೋಲಿನ ಸದ್ದು ಬರುತ್ತಿತ್ತು. ಹಾಲು ಕಾಯುವವರೆಗೂ ಅವರು ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದರು. ವರ್ಷವಿಡೀ. ಒಂದು ಲೋಟ ಹಾಲಿಗೆ ಪೊಲೀಸ್ ಕಾವಲಿಟ್ಟ ಊರು ಎಂದು ನಾನು ಹೇಳಿದರೆ ಬಂದವರು ನಗುತ್ತಿದ್ದರು. (ತ್ಸುಕುಬಾದಲ್ಲೂ ಉಕ್ಕಿಸಿದೆವು. ಇಲ್ಲಿನ ಇಂಡಕ್ಷನ್ ಒಲೆ ಕೀ ಕೀ ಎಂದು ಕೂಗಿ ತನಗೆ ತಾನೇ ಆರಿಹೋಯಿತು. ಅದು ಶಕುನವೋ ಏನೋ ಎಂದು ಸುಧೀರ ಈಗಲೂ ರೇಗಿಸುತ್ತಾನೆ.)

ಆ ಅಡುಗೆಮನೆ ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಒಲೆಯ ಮುಂದೆ ಕಿಟಕಿ. ಕಿಟಕಿಯಾಚೆ ಚೌಕ, ಶಿಲುಬೆ, ಸಂತೆ ಮುಗಿಸಿ ಚಪ್ಪರ ಬಿಚ್ಚುತ್ತಿರುವ ಜನ, ಮಂಜು. ಡೊರೊಥಿಯ ಜೊತೆ ಮಾತಿಲ್ಲದೆ ನಿಂತು ನಾನು ನೋಡಿದ್ದು ಅದನ್ನೇ. ಆ ಊರಿನ ಬೇಸರವೆಲ್ಲ ಆ ಕಿಟಕಿಯಿಂದಲೇ ನನ್ನೊಳಗೆ ಬಂದದ್ದು ಎಂದು ನಂಬಿದ್ದೆ.

ಭಾನುವಾರ ಊಟದ ಹೊತ್ತಿಗೆ ಸುಧೀರ ಲ್ಯಾಪ್‌ಟಾಪಿನಲ್ಲಿ ಆ ಊರಿನ ಮನೆಗಳನ್ನು ನೋಡುತ್ತಿದ್ದ. “ಇದು ನೋಡೇ, ಮಾರ್ಕೆಟ್ ಹತ್ರಾನೇ ಇದೆ,” ಎಂದು ತಿರುಗಿಸಿದ. ಬಾಗಿಲ ಮೇಲಿನ ಬಣ್ಣದ ಗಾಜನ್ನು ಕಂಡ ಕೂಡಲೇ ನನಗೆ ಗೊತ್ತಾಯಿತು. ಒಂದು ಮೂಲೆಯಲ್ಲಿ ಒಡೆದ ತುಂಡಿನ ಬದಲು ಸಾದಾ ಗಾಜು ಕೂರಿಸಿದ್ದು ಹಾಗೆಯೇ ಇತ್ತು. ಡೊರೊಥಿಯ ಮನೆ. ಮಾರಾಟಕ್ಕಿದೆ. ಅವರು ತೀರಿಕೊಂಡಿರುತ್ತಾರೆಂದು ನನಗೆ ಗೊತ್ತಿರಬೇಕಿತ್ತು. ನಾನಲ್ಲಿದ್ದಾಗಲೇ ಅವರಿಗೆ ಎಪ್ಪತ್ತು ದಾಟಿತ್ತು. ಆದರೂ ಖಾಲಿ ಕೋಣೆಗಳ ಫೋಟೋಗಳನ್ನು ನೋಡುವವರೆಗೂ ಅವರು ಆ ಮುಂದಿನ ಕೋಣೆಯಲ್ಲೇ ಕೂತಿದ್ದಾರೆ ಎಂಬಂತೆ ಇದ್ದೆ.

ಅಡುಗೆಮನೆಯ ಫೋಟೋ ಬಂತು. ನೆಲದ ಕಪ್ಪು ಬಿಳುಪಿನ ಹಾಸು ಅದೇ. ಒಲೆಯ ಗೂಡು ಅದೇ. ಒಲೆಯ ಮುಂದೆ ಕಿಟಕಿಯೇ ಇರಲಿಲ್ಲ. ಪಕ್ಕದಲ್ಲೊಂದು ಸಣ್ಣ ಕಿಟಕಿ ಇತ್ತು, ಅದರಾಚೆ ಕೈಗೆಟಕುವಷ್ಟು ಹತ್ತಿರ ಪಕ್ಕದ ಮನೆಯ ಇಟ್ಟಿಗೆ ಗೋಡೆ. ಅಡುಗೆಮನೆ ಇದ್ದದ್ದೇ ಮನೆಯ ಹಿಂಬದಿಗೆ. ಚೌಕ ಕಾಣಲು ಸಾಧ್ಯವೇ ಇರಲಿಲ್ಲ.

“ಒಂದ್ ವರ್ಷ ಇದ್ದೆ, ಕಿಟಕಿ ಎಲ್ಲಿತ್ತು ಅಂತ ಗೊತ್ತಿಲ್ವಾ? ಒಳ್ಳೆ ಸೈಂಟಿಸ್ಟು ಕಣೇ,” ಎಂದ ಸುಧೀರ. ಗೋಡೆ ಒಡೆದು ಬದಲಾಯಿಸಿರಬಹುದು ಎಂದು ವಾದಿಸಿದೆ. ವಾದಿಸುವಾಗಲೇ ಅದು ಸುಳ್ಳೆಂದು ತಿಳಿದಿತ್ತು.

ಹಾಗಾದರೆ ಅಷ್ಟು ಸಂಜೆ ನಾವಿಬ್ಬರೂ ಏನು ನೋಡುತ್ತ ನಿಂತಿದ್ದೆವು? ಹಾಲನ್ನು. ಮಂಡಿ ನೋವಿನ ಮುದುಕಿ ಬೆಚ್ಚಗಿನ ಕೋಣೆಯ ಕುರ್ಚಿಯಿಂದ ಎದ್ದು ಬಂದು ಒಂದು ಪಾತ್ರೆಯನ್ನು ನೋಡುತ್ತ ನಿಲ್ಲುತ್ತಿದ್ದರು. ಒಲೆಯ ಚಿಂತೆಯೊಂದೇ ಇದ್ದಿದ್ದರೆ ಹಾಲು ಕಾಯಿಸಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಒಮ್ಮೆ ನಾನು, ಏನಾದರೂ ಮಾತಾಡಬೇಕಲ್ಲ ಎಂದು, ಈ ಊರು ಇರೋಕೆ ಒಳ್ಳೆಯದಾ ಎಂದು ಕೇಳಿದ್ದೆ. “ಯಾರಿಗೆ ಗೊತ್ತು ಮಗಳೇ, ನಾನು ಬೇರೆ ಎಲ್ಲೂ ಇದ್ದೇ ಇಲ್ಲ. ಹಾಲು ನೋಡು,” ಎಂದಿದ್ದರು. ಅದು ಅಕ್ಕರೆಯೋ, ಸಂಜೆಯ ಹೊತ್ತು ಕಳೆಯುವ ದಾರಿಯೋ, ಬರೀ ಒಲೆಯ ಕಾಳಜಿಯೋ, ಈಗ ತೀರ್ಮಾನಿಸಲು ನನಗೆ ಧೈರ್ಯವಿಲ್ಲ. ಇಲ್ಲದ ಕಿಟಕಿಯನ್ನು ಕೊರೆದವಳು ಇಲ್ಲದ ಪ್ರೀತಿಯನ್ನೂ ಕಟ್ಟಬಲ್ಲಳು.

ಇಂಚರ ಅಲ್ಲೇ ಚಿತ್ರ ಬರೆಯುತ್ತ ಎಲ್ಲ ಕೇಳಿಸಿಕೊಂಡಿದ್ದಳು.

“ಅಮ್ಮಾ, ಅಲ್ಲಿ ನಿಂಗೆ ಫ್ರೆಂಡ್ ಇದ್ರಾ?”

“ಒಬ್ರಿದ್ರು ಅನ್ಸತ್ತೆ.”

“ಅನ್ಸತ್ತೆ ಅಂದ್ರೆ?”

“ಆಗ ನಂಗೆ ಗೊತ್ತಿರ್ಲಿಲ್ಲ ಪುಟ್ಟಿ.”

ಅವಳು ಚಿತ್ರದಿಂದ ತಲೆಯೆತ್ತದೆ ಹೇಳಿದಳು: “ಯುಯಿ ಚಾನ್ ಫ್ರೆಂಡ್ ಅಂತ ನಂಗೆ ಈಗ್ಲೇ ಗೊತ್ತು.”

ಸೋಮವಾರ ಬೆಳಿಗ್ಗೆ ಆ ಕೇಂದ್ರಕ್ಕೆ, ನಾವು ಬರುವುದಿಲ್ಲವೆಂದು ಬರೆದು ಕಳಿಸಿದೆ. ಊರಿನ ಬಗ್ಗೆ ನನಗೆ ಕೊನೆಗೂ ಏನೂ ಗೊತ್ತಾಗಲಿಲ್ಲ, ಒಳ್ಳೆಯದೂ ಇರಬಹುದು. “ಏಪ್ರಿಲ್‌ನಲ್ಲಿ ಏನ್ ಮಾಡ್ತೀಯಾ?” ಎಂದು ಸುಧೀರ ಶೂ ಹಾಕಿಕೊಳ್ಳುತ್ತ ಕೇಳಿದ. ನಾನು ಕಸದ ಚೀಲದ ಬಾಯಿ ಕಟ್ಟಿದೆ. ಇಷ್ಟು ವರ್ಷ ಓದಿ ಕಲಿತ ಕೆಲಸವನ್ನು ಒಂದು ಹಳದಿ ಟೋಪಿಗೆ ಬಿಟ್ಟುಕೊಟ್ಟೆ ಎಂದು ಮುಂದೊಂದು ದಿನ ಮಗಳ ಮೇಲೆ ಸಿಡುಕುತ್ತೇನೇನೋ ಎಂಬ ಹೆದರಿಕೆ ಇದೆ.

ಕಸ ಹಾಕಲು ಕೆಳಗಿಳಿದರೆ ಅದೇ ನಾತ. ತಕೆದಾ ಸಾನ್ ಮರದಡಿ ಕೂತಿದ್ದರು. ತಲೆ ಬಾಗಿಸಿದೆ, ದಾಟಿ ಹೋಗಲು ಕಾಲೆತ್ತಿದೆ, ನಿಂತೆ. ಸುಮ್ಮನೆ ಅವರ ಪಕ್ಕದಲ್ಲಿ ನಿಂತು ಬಕೆಟ್ ನೋಡತೊಡಗಿದೆ. ಇವಳಿಗೇನಾಯಿತೆಂದು ಅವರಿಗೆ ಗಾಬರಿಯಾಗಿರಬೇಕು. ನನ್ನ ಕಾಲಡಿ ಹಣ್ಣು ಒಡೆಯಿತೆಂದುಕೊಂಡರೇನೋ, ‘ಸುಮಿಮಾಸೆನ್’ ಎಂದು ಕ್ಷಮೆ ಕೇಳಿದರು. ನಾನು ಹೋಗಲಿಲ್ಲ. ಅವರು ಇನ್ನೊಂದಷ್ಟು ಹಣ್ಣು ಆಯ್ದು ಬಕೆಟ್ಟಿಗೆ ಹಾಕಿದರು. ಆಮೇಲೆ ಒಂದು ಕೈಗವಸು ಬಿಚ್ಚಿ ನನ್ನತ್ತ ಚಾಚಿದರು. ಎಡಗೈಯದು. ಕೈ ತೂರಿಸಿದೆ; ಒಳಗೆ ತಣ್ಣಗೆ ಒದ್ದೆಯಾಗಿತ್ತು.