ಹೊಸತೊಡಕಿನ ಮೊಲ

ಟೆಕ್ಸಾಸಿನ ಲಿಯಾಂಡರ್ ಊರಿನ ಗೋವಿಂದರಾಜುವಿಗೆ ಬಿಸಿ ಎಲ್ಲಿದೆ ಎಂದು ಹುಡುಕುವುದೇ ಒಂದು ಹುಚ್ಚು. ಹೊಟ್ಟೆಪಾಡಿನ ಕೆಲಸವೂ ಅದೇ ಅನ್ನಿ. ಆಸ್ಟಿನ್‌ನ ಒಂದು ಕಂಪನಿಯಲ್ಲಿ ಥರ್ಮಲ್ ಕ್ಯಾಮೆರಾ ಹಿಡಿದು, ಚಿಪ್‌ಗಳು ಎಲ್ಲೆಲ್ಲಿ ಕಾಯುತ್ತವೆ ಎಂದು ನೋಡುತ್ತಾನೆ. ಆಫೀಸಿನ ಕೆಲಸ ಆಫೀಸಿನಲ್ಲೇ ಬಿಟ್ಟು ಬರಬೇಕೋ ಬೇಡವೋ? ಈ ಪುಣ್ಯಾತ್ಮ ತನ್ನದೇ ಒಂದು ಕ್ಯಾಮೆರಾ ಕೊಂಡ. ಒಂದೇ ಕಣ್ಣಿಗೆ ಹಿಡಿದು ನೋಡುವಂಥದ್ದು. ಅದರೊಳಗೆ ಜಗತ್ತೆಲ್ಲ ಬೂದುಬಣ್ಣ, ಬೆಚ್ಚಗಿರುವುದು ಮಾತ್ರ ಬೆಳ್ಳಗೆ. ದೋಸೆ ಹೆಂಚಿನ ಯಾವ ಮೂಲೆ ಕಾದಿಲ್ಲ, ಈಗಷ್ಟೇ ಎದ್ದುಹೋದವರು ಸೋಫಾದಲ್ಲಿ ಎಲ್ಲಿ ಕೂತಿದ್ದರು, ಎಲ್ಲವೂ ಅವನಿಗೆ ಬೇಕು. ಒಮ್ಮೆ ಹೆಂಡತಿ ಇಂದುಮತಿ ಸಿಟ್ಟಾಗಿದ್ದಾಗ ಅವಳ ಮುಖಕ್ಕೇ ಹಿಡಿದು, "ಮೂಗಿನ ತುದಿ ತಣ್ಣಗಿದೆ ಕಣೇ, ಇದು ನಿಜವಾದ ಕೋಪ ಅಲ್ಲ" ಅಂದ. ಆಮೇಲೆ ನಿಜವಾದದ್ದೂ ಸಿಕ್ಕಿತು.

ಊರು ಮಂಡ್ಯದ ಕಡೆ. ಯುಗಾದಿಯ ಮರುದಿನ ಹೊಸತೊಡಕು. ಬೇವುಬೆಲ್ಲ ತಿಂದ ಬಾಯಿಗೆ ಅಂದು ಬಾಡೂಟ ಬೀಳಲೇಬೇಕು. ತಾತನ ಕಾಲದಲ್ಲಿ ಆ ದಿನ ಊರ ಗಂಡಸರೆಲ್ಲ ಬಲೆ ಹೊತ್ತು ಮೊಲದ ಬೇಟೆಗೆ ಹೋಗುತ್ತಿದ್ದರಂತೆ. ಈಗ ಅಲ್ಲಿ ಮೊಲ ಮುಟ್ಟಿದರೆ ಜೈಲು. ಟೆಕ್ಸಾಸಿನಲ್ಲಿ ಲೈಸೆನ್ಸ್ ಇದ್ದು, ಜಮೀನಿನವರು ಒಪ್ಪಿದರೆ ತೊಂದರೆಯಿಲ್ಲ. ಅದಕ್ಕೇ ಪ್ರತಿ ಹೊಸತೊಡಕಿಗೂ ಮೊಲದ ಸಾರು ಮಾಡಿಸುತ್ತೇನೆಂದು ಗೋವಿಂದರಾಜು ಹಟ ಹಿಡಿದ.

ಮೊದಲ ವರ್ಷ ಸಂಜೆ ಹೋಗಿ ನಲವತ್ತು ಮೊಲ ಎಣಿಸಿದ. ಅಷ್ಟೂ ಬಿಸಿಲಿಗೆ ಕಾದ ಸುಣ್ಣಕಲ್ಲುಗಳು! ಎರಡನೆಯ ವರ್ಷ, ಚಳಿ ಎಂದು ಕಾರಿನ ಗಾಜು ಏರಿಸಿಕೊಂಡು ಒಳಗಿನಿಂದಲೇ ನೋಡಿದ. ಆ ಕ್ಯಾಮೆರಾಕ್ಕೆ ಗಾಜಿನಾಚೆ ಕಾಣದು. ಕಂಡದ್ದು ಇವನದೇ ಮುಸುಡಿ. ಜೊತೆಗಿದ್ದ ಗೆಳೆಯ ನಂದಕುಮಾರ್ ಅದನ್ನು ಡಲ್ಲಾಸಿನ ಕನ್ನಡಿಗರಿಗೆಲ್ಲ ಹೇಳಿಕೊಂಡು ನಕ್ಕ. ಇಬ್ಬರೂ ಕಾಲೇಜಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ಈಗ ನಂದಕುಮಾರ್ ಡಲ್ಲಾಸಿನ ಪಕ್ಕದ ಫ್ಲವರ್ ಮೌಂಡ್‌ನಲ್ಲಿದ್ದಾನೆ. ಹಬ್ಬಕ್ಕೆ ಮಾತ್ರ ತಪ್ಪದೆ ಬರುತ್ತಾನೆ.

ಮೂರನೆಯ ವರ್ಷ ಗೋವಿಂದರಾಜು ಸರಿಯಾಗಿ ಲೆಕ್ಕ ಹಾಕಿದ. ಕಲ್ಲು, ಮಣ್ಣು ತೀರಾ ತಣ್ಣಗಾಗುವುದು ಬೆಳಗಿನ ಜಾವಕ್ಕೆ. ಆಗ ಬೆಳ್ಳಗೆ ಕಂಡದ್ದು ಜೀವವೇ. ಹಿಂದಿನ ದಿನವಷ್ಟೇ ಉತ್ತರದ ಚಳಿಗಾಳಿ ನುಗ್ಗಿತ್ತು. ನಂದಕುಮಾರ್ ದಪ್ಪ ಜಾಕೆಟ್ಟು, ಅದರ ಮೇಲೆ ಕಂದು ಶಾಲು, ತಲೆಗೆ ಮಂಕಿ ಕ್ಯಾಪ್ ಏರಿಸಿಕೊಂಡು ಹೊರಟ. ಜಮೀನಿನ ಗೇಟಿನ ಹತ್ತಿರ ಗಾಡಿ ನಿಂತಾಗ, "ನೀವು ಹೋಗ್ರಪ್ಪ, ನಾನು ಇಲ್ಲೇ ಮಲಗಿರ್ತೀನಿ" ಅಂದ.

ಬಂದೂಕು ಅಮರ್‌ನದು. ವಿರಾಜಪೇಟೆಯವನು, ಆಫೀಸಿನಲ್ಲಿ ಗೋವಿಂದರಾಜುವಿನ ಪಕ್ಕದ ಸೀಟು. ಅವನು ಮೊದಲೇ ಹೇಳಿದ: "ಸರ್, ಈ ಮಬ್ಬಲ್ಲಿ ನನಗೆ ಏನೂ ಸರಿಯಾಗಿ ಕಾಣಲ್ಲ. ನೀವು ಮೊಲ ಅಂದ್ರೆ ಮೊಲ. ಡೌಟಿದ್ರೆ ಬಾಯಿ ಬಿಡಬೇಡಿ."

ಕಣ್ಣು ಒಬ್ಬನದು, ಬೆರಳು ಇನ್ನೊಬ್ಬನದು. ಹಾಗೆ ಬೇಟೆಯಾಡಬಾರದು ಎಂದು ಇಬ್ಬರಿಗೂ ಗೊತ್ತಿತ್ತು, ಬಡ್ಡೀಮಕ್ಕಳು ಆದರೂ ಹೊರಟರು.

ಜಮೀನಿನೊಳಗಿನ ಕೆರೆ ಸುತ್ತಿಕೊಂಡು ಅರ್ಧ ಗಂಟೆ ನಡೆದರು. ಗೋವಿಂದರಾಜುವಿಗೆ ಚಳಿಯ ನೆನಪೇ ಇಲ್ಲ. ಕೊಂಬೆಯ ಮೇಲೆ ಮುದುಡಿ ಕೂತ ಹಕ್ಕಿಗಳು ಬಿಳಿ ಚುಕ್ಕೆ. ಇಲಿಯೊಂದು ಓಡಿಹೋದ ದಾರಿ ಒಂದು ಕ್ಷಣ ಹುಲ್ಲಿನಲ್ಲಿ ಬೆಚ್ಚಗೇ ಉಳಿದಿತ್ತು. "ಅಯ್ಯೋ ನೋಡೋ ಅಮರ್, ಇಷ್ಟು ಸಣ್ಣ ಜೀವಕ್ಕೆ ಎಷ್ಟು ಬೆಂಕಿ!" ಅಂತ ಪಿಸುಗುಟ್ಟಿದ. ಈ ಸಂಭ್ರಮದಲ್ಲಿ ಗಾಡಿ ಯಾವ ದಿಕ್ಕಿಗಿದೆ ಎಂಬುದೇ ಅವನಿಗೆ ಮರೆತಿತ್ತು.

ಆಗ ಪೊದೆಯ ಬುಡದಲ್ಲಿ ಕಂಡಿತು. ಎಪ್ಪತ್ತು ಗಜ ದೂರ, ನೆಲದಿಂದ ಸ್ವಲ್ಪ ಮೇಲೆ, ಒಂದು ಹಿಡಿಯಷ್ಟು ಬಿಳುಪು. ಅಲುಗುತ್ತಿಲ್ಲ. ಎರಡು ವರ್ಷದ ಅವಮಾನವೆಲ್ಲ ಒಟ್ಟಿಗೇ ಬಾಯಿಗೆ ಬಂತು.

"ಮೊಲ!"

"ಗ್ಯಾರಂಟೀನಾ ಸರ್? ನನಗೂ ಕಂದುಬಣ್ಣದ್ದು ಏನೋ ಕಾಣ್ತಿದೆ."

"ಮೊಲಾನೇ ಕಣೋ."

ಅಮರ್ ಮೊಣಕಾಲೂರಿ ಗುರಿ ಹಿಡಿದ. ಸೇಫ್ಟಿ ತೆಗೆದ ಟಿಕ್ ಸದ್ದಾಯಿತು.

ಮೊಲ ಎಂದು ಹೇಳಿಯಾಗಿತ್ತು, ಬೇರೆ ಯಾರಾದರೂ ಕ್ಯಾಮೆರಾ ಇಳಿಸುತ್ತಿದ್ದರು. ಇವನ ಕೆಟ್ಟ ಕುತೂಹಲ ಬಿಡಬೇಕಲ್ಲ. ಚಳಿಗೆ ಮೊಲದ ಕಿವಿ ಎಷ್ಟು ತಣ್ಣಗಾಗಿರಬಹುದು ಎಂದು ನೋಡಹೋದ. ಕಿವಿಯೇ ಇಲ್ಲ. ಬಿಳುಪಿನ ಕೆಳತುದಿ ಹೊಳೆಯಿತು, ಮಂಕಾಯಿತು, ಮತ್ತೆ ಹೊಳೆಯಿತು. ಉಸಿರು. ಉಣ್ಣೆಯ ಮೇಲೆ ಬಿಸಿಯುಸಿರು.

"ಬೇಡ! ಬೇಡ ಕಣೋ! ಹೊಡೀಬೇಡ!"

ಕಿರುಚುತ್ತಲೇ ಬಂದೂಕಿನ ನಳಿಗೆಯನ್ನು ಆಕಾಶಕ್ಕೆ ತಳ್ಳಿದ. ಪೊದೆಯ ಹಿಂದಿನಿಂದ ಕಂದು ಶಾಲು ದಡಬಡಿಸಿ ಎದ್ದಿತು. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಪ್ಯಾಂಟು.

"ಲೇ, ಯಾರ್ರೋ ಅದು! ನೆಮ್ಮದಿಯಾಗಿ ಕೂರೋಕೂ ಬಿಡಲ್ವಲ್ರೋ!"

ಗಾಡಿಯ ಹತ್ತಿರವೇ ಕೂತರೆ ಯಾರಾದರೂ ನೋಡಿಯಾರೆಂದು ನಂದಕುಮಾರ್ ಮರ್ಯಾದಸ್ಥನಾಗಿ ಅಷ್ಟು ದೂರ ನಡೆದು ಬಂದಿದ್ದ. ಜಾಕೆಟ್ಟು, ಶಾಲು, ಮಂಕಿ ಕ್ಯಾಪ್ ಮೈಯ ಬಿಸಿಯನ್ನೆಲ್ಲ ಒಳಗೇ ಹಿಡಿದಿದ್ದವು. ಸೊಂಟದ ಕೆಳಗಿನದಕ್ಕೆ ಪೊದೆ ಮರೆಯಾಗಿತ್ತು. ಹೊರಗೆ ಉಳಿದದ್ದು ಟೋಪಿಯ ಕಿಂಡಿಯಲ್ಲಿ ಕಾಣುವಷ್ಟು ಮುಖ.

ಅಮರ್ ಗುಂಡು ತೆಗೆದು ಜೇಬಿಗೆ ಹಾಕಿಕೊಂಡು ಗಾಡಿಯ ಕಡೆ ನಡೆದ. ಗೋವಿಂದರಾಜು ಹುಲ್ಲಿನ ಮೇಲೇ ಕುಸಿದು ಕೂತ.

"ಏನಾಯ್ತೋ? ಮೊಲ ತಪ್ಪಿಸ್ಕೊಳ್ತಾ?" ಎಂದು ನಂದಕುಮಾರ್ ಹತ್ತಿರ ಬಂದ.

ಸುಳ್ಳು ಹೇಳಿ ದಾಟಿಕೊಳ್ಳಬಹುದಿತ್ತು. ಹೇಳಲಾಗಲಿಲ್ಲ. "ನಿನ್ನನ್ನೇ ಮೊಲ ಅಂದೆ ಕಣೋ, ನಂದ. ಎರಡು ಸಲ ಅಂದೆ. ಅವನು ಗುರಿ ಇಟ್ಟಿದ್ದ. ಆಮೇಲೆ ಮೊಲದ ಕಿವಿ ನೋಡೋಣ ಅಂತ ಹೋದೆ, ಉಸಿರು ಕಾಣಿಸ್ತು" ಎಂದು ಅಳತೊಡಗಿದ.

ನಂದಕುಮಾರ್‌ನ ಮುಖ ಬಿಳಿಚಿತು. ಬೈಯುತ್ತಾನೆ, ಇನ್ನು ಜನ್ಮದಲ್ಲಿ ಮನೆಗೆ ಬರುವುದಿಲ್ಲ ಎಂದುಕೊಂಡ ಗೋವಿಂದರಾಜು. ಅವನು ಬೈಯಲಿಲ್ಲ. ಟೋಪಿ ಬಿಚ್ಚಿ ಗೋವಿಂದರಾಜುವಿನ ತಲೆಗೆ ಎಳೆದ, ಶಾಲು ಹೊದಿಸಿದ, ಕ್ಯಾಮೆರಾ ಕಿತ್ತುಕೊಂಡ. "ಹೋಗು, ಆ ಪೊದೆ ಹಿಂದೆ ಕೂತ್ಕೋ."

ಗೋವಿಂದರಾಜು ಹೋಗಿ ಕೂತ. ನಂದಕುಮಾರ್ ದೂರ ನಿಂತು ಬಹಳ ಹೊತ್ತು ನೋಡಿದ. ಆಮೇಲೆ ನಡೆದು ಬಂದು, ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಮೊಲಾನೇ ಕಣೋ. ನಾನಾಗಿದ್ರೂ ಮೊಲ ಅಂತಲೇ ಹೇಳ್ತಿದ್ದೆ" ಎಂದ. ಕ್ಯಾಮೆರಾ ಅವನ ಕೈಗಿಟ್ಟು, "ಆದ್ರೆ ನಾನು ಇನ್ನೊಂದ್ಸಲ ನೋಡ್ತಿರ್ಲಿಲ್ಲ."